ಟೋಪಿ ಯಾವಾಗ ತೆಗೆಯಬೇಕು? ಎಂಟು ತಪ್ಪು ಕಲ್ಪನೆಗಳು, ಎಂಟು ಸತ್ಯಗಳು

ಶಾಲೆಯ ಮೈದಾನದಲ್ಲಿ ರಾಷ್ಟ್ರಗೀತೆ ಶುರುವಾದರೆ ಸಾಕು, ‘ಟೋಪಿ ತೆಗೀರಿ’ ಎಂಬ ಪಿಸುದನಿ ಸಾಲಿನಿಂದ ಸಾಲಿಗೆ ದಾಟುತ್ತದೆ. ಕ್ರಿಕೆಟ್ ಟೋಪಿ ಹಾಕಿದ ಹುಡುಗ ಗಡಬಡಿಸಿ ತೆಗೆಯುತ್ತಾನೆ. ಗಾಂಧಿ ಟೋಪಿಯ ಅಜ್ಜನಿಗೆ ತಾನೂ ತೆಗೆಯಬೇಕೇ ಎಂಬ ಗೊಂದಲ. ಈಗಷ್ಟೇ ಮೈಸೂರು ಪೇಟ ತೊಡಿಸಿಕೊಂಡು ಕೂತಿದ್ದ ಸನ್ಮಾನಿತರಿಗೂ ಅದೇ ಗೊಂದಲ. ಟೋಪಿಯ ಶಿಷ್ಟಾಚಾರದ ಬಗ್ಗೆ ನಮ್ಮಲ್ಲಿ ನಂಬಿಕೆಗಳು ಬಹಳ, ತಿಳಿವಳಿಕೆ ಕಡಿಮೆ. ಈ ಅರೆತಿಳಿವಳಿಕೆ ಎಷ್ಟೋ ಸಲ ಮರ್ಯಾದೆಯ ಹೆಸರಿನಲ್ಲೇ ಇನ್ನೊಬ್ಬರ ಮರ್ಯಾದೆ ಕಳೆಯುತ್ತದೆ. ಆದ್ದರಿಂದ ಒಂದೊಂದನ್ನೂ ಬಿಡಿಸಿ ನೋಡುವುದು ಒಳ್ಳೆಯದು.

ತಪ್ಪು ಕಲ್ಪನೆ 1: ಟೋಪಿ ತೆಗೆಯುವುದು ಪ್ರಪಂಚದ ಎಲ್ಲ ಕಡೆಯೂ ಗೌರವದ ಗುರುತು.

ಸತ್ಯ: ಅದು ಮುಖ್ಯವಾಗಿ ಯೂರೋಪಿನ ಪದ್ಧತಿ, ಅಲ್ಲಿಂದ ಅಮೆರಿಕಕ್ಕೂ ವಸಾಹತುಗಳಿಗೂ ಹರಡಿತು. ಭಾರತದ ಬಹುಭಾಗದಲ್ಲಿ ರೂಢಿ ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ಗೌರವ ತೋರಿಸುವವರು ಕಾಲಿನದನ್ನು ಕಳಚುತ್ತಿದ್ದರು, ತಲೆಯ ಮೇಲಿನದನ್ನು ಉಳಿಸಿಕೊಳ್ಳುತ್ತಿದ್ದರು. ಮೈಸೂರಿನ ದಸರಾ ದರ್ಬಾರಿಗೆ ಬರುವವರು ಪೇಟ ಧರಿಸಿಯೇ ಬರಬೇಕಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಯಾವ ಚಿತ್ರವನ್ನು ನೆನಪಿಸಿಕೊಂಡರೂ ತಲೆಯ ಮೇಲೆ ಜರಿಯಂಚಿನ ಪೇಟ ಇದ್ದೇ ಇರುತ್ತದೆ. ಅವರ ಕಾಲದ ಸಭ್ಯರಿಗೆ ಬರಿದಲೆಯಲ್ಲಿ ಹಿರಿಯರೆದುರು ಹೋಗುವುದೆಂದರೆ ಅರೆಬರೆ ಉಡುಪಿನಲ್ಲಿ ಹೋದಂತೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರುಮಾಲು ಸುತ್ತದೆ, ಟೋಪಿ ಇಡದೆ ಮದುವೆ ಮನೆಗೆ ಕಾಲಿಡದ ಹಿರಿಯರು ಇಂದಿಗೂ ಇದ್ದಾರೆ.

ಈ ಎರಡು ರೂಢಿಗಳು ಮುಖಾಮುಖಿಯಾದದ್ದು ಬ್ರಿಟಿಷರ ಕಾಲದಲ್ಲಿ. ಬೂಟು ಹಾಕಿಕೊಂಡೇ ದರ್ಬಾರಿಗೆ ನಡೆದು ಬಂದ ಆಂಗ್ಲ ಅಧಿಕಾರಿ ನಮ್ಮವರ ಕಣ್ಣಿಗೆ ಒರಟನಾಗಿ ಕಂಡ. ತಲೆಯ ಮೇಲಿನ ಪೇಟ ತೆಗೆಯದ ಭಾರತೀಯ ಅವನ ಕಣ್ಣಿಗೆ ಅವಿಧೇಯನಾಗಿ ಕಂಡ. ಇಬ್ಬರೂ ತಂತಮ್ಮ ಮನೆಯ ರೀತಿಯಲ್ಲಿ ಮರ್ಯಾದೆಯನ್ನೇ ತೋರಿಸುತ್ತಿದ್ದರು.

ತಪ್ಪು ಕಲ್ಪನೆ 2: ಮಧ್ಯಯುಗದ ಯೋಧರು ಮುಖ ತೋರಿಸಲು ಶಿರಸ್ತ್ರಾಣ ಎತ್ತುತ್ತಿದ್ದುದೇ ಈ ಪದ್ಧತಿಯ ಮೂಲ.

ಸತ್ಯ: ಕಥೆ ಸೊಗಸಾಗಿದೆ, ಆದರೆ ಅದನ್ನು ಸಾಬೀತು ಮಾಡುವ ದಾಖಲೆ ಇಲ್ಲ. ಯೂರೋಪಿನ ಊಳಿಗಮಾನ್ಯ ಸಮಾಜದಲ್ಲಿ ಕೆಳಗಿನವನು ಮೇಲಿನವನೆದುರು ತಲೆ ಬರಿದು ಮಾಡುವುದು ಅಧೀನತೆಯ ಸಂಕೇತವಾಗಿತ್ತು. ಸಮಾಜ ಬದಲಾದ ಹಾಗೆ ಅದು ಸಮಾನರ ನಡುವಿನ ಸೌಜನ್ಯವಾಗಿ ಮೆತ್ತಗಾಯಿತು. ಸೈನಿಕರ ಸೆಲ್ಯೂಟ್ ಬಗ್ಗೆ ಮಾತ್ರ ಖಚಿತ ದಾಖಲೆಯೊಂದಿದೆ. 1745ರಲ್ಲಿ ಬ್ರಿಟನ್ನಿನ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಪಡೆಗೆ ಹೊರಟ ಆದೇಶ ಅದು: ಅಧಿಕಾರಿ ಎದುರಾದಾಗ ಹ್ಯಾಟು ತೆಗೆಯುವುದು ಬೇಡ, ಕೈಯನ್ನು ಹ್ಯಾಟಿಗೆ ಮುಟ್ಟಿಸಿ ತಲೆಬಾಗಿದರೆ ಸಾಕು. ಟೋಪಿ ತೆಗೆಯುವುದು, ಟೋಪಿಯಂಚು ಮುಟ್ಟುವುದು, ಸೆಲ್ಯೂಟ್ ಹೊಡೆಯುವುದು ಹೀಗೆ ಒಂದೇ ಕುಟುಂಬಕ್ಕೆ ಸೇರಿದವು. ಬ್ರಿಟಿಷ್ ಸೇನೆಯಲ್ಲಿ ತಲೆಯ ಮೇಲೆ ಟೋಪಿ ಇಲ್ಲದಿದ್ದರೆ ಸೆಲ್ಯೂಟ್ ಇಲ್ಲ ಎಂಬ ನಿಯಮ ಇಂದಿಗೂ ಉಳಿದಿರುವುದು ಇದೇ ಕಾರಣಕ್ಕೆ.

ತಪ್ಪು ಕಲ್ಪನೆ 3: ಪಾಶ್ಚಾತ್ಯರಲ್ಲಿ ಸೂರಿನ ಕೆಳಗೆ ಬಂದ ಕೂಡಲೇ ಟೋಪಿ ತೆಗೆಯಲೇಬೇಕು.

ಸತ್ಯ: ಅವರ ನಿಯಮ ಸೂರಿಗಿಂತ ಹೆಚ್ಚಾಗಿ ಜಾಗದ ಸ್ವಭಾವವನ್ನು ನೋಡುತ್ತದೆ. ರೈಲು ನಿಲ್ದಾಣ, ಅಂಗಡಿ, ಕಚೇರಿ ಕಟ್ಟಡದ ಮೊಗಸಾಲೆ ಇವೆಲ್ಲ ಬೀದಿಯ ಮುಂದುವರಿಕೆ; ಅಲ್ಲಿ ಗಂಡಸು ಟೋಪಿ ಇಟ್ಟುಕೊಂಡಿರಬಹುದು. ಮನೆ, ಊಟದ ಮೇಜು, ತರಗತಿ, ನ್ಯಾಯಾಲಯ, ರಂಗಮಂದಿರಗಳಲ್ಲಿ ತೆಗೆಯಬೇಕು. ಅಮೆರಿಕದ ಎಮಿಲಿ ಪೋಸ್ಟ್ 1922ರಲ್ಲಿ ಬರೆದ ಶಿಷ್ಟಾಚಾರದ ಪುಸ್ತಕ ಲಿಫ್ಟಿನ ಪ್ರಶ್ನೆಯನ್ನೂ ಬಿಟ್ಟಿಲ್ಲ. ಹೋಟೆಲು, ವಸತಿ ಕಟ್ಟಡಗಳ ಲಿಫ್ಟು ಕೋಣೆಯ ಹಾಗೆ, ಆದ್ದರಿಂದ ಹೆಂಗಸರು ಒಳಗೆ ಬಂದರೆ ಗಂಡಸು ಟೋಪಿ ತೆಗೆಯಬೇಕು. ಹೊರಗಿನ ಪಡಸಾಲೆ ಬೀದಿಯ ಹಾಗೆ, ಅಲ್ಲಿ ಮತ್ತೆ ಇಟ್ಟುಕೊಳ್ಳಬಹುದು.

ಶಾಸನಸಭೆಗಳಲ್ಲೂ ಪದ್ಧತಿ ಏಕರೂಪವಾಗಿರಲಿಲ್ಲ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಸದಸ್ಯರು ಟೋಪಿ ಧರಿಸಿ ಕೂರುತ್ತಿದ್ದ ಕಾಲವಿತ್ತು. ಮತ ಎಣಿಕೆಯ ಹೊತ್ತಿನಲ್ಲಿ ಕ್ರಿಯಾಲೋಪ ಎತ್ತುವ ಸದಸ್ಯ ತಲೆಯ ಮೇಲೆ ಟೋಪಿ ಇಟ್ಟುಕೊಂಡು ಕೂತೇ ಮಾತಾಡಬೇಕೆಂಬ ನಿಯಮ 1998ರವರೆಗೂ ಇತ್ತು. ಅದಕ್ಕಾಗಿ ಮಡಚುವ ಹ್ಯಾಟನ್ನು ಸಭಾಂಗಣದಲ್ಲೇ ಇಟ್ಟಿರುತ್ತಿದ್ದರು. ಅಮೆರಿಕದ ಪ್ರತಿನಿಧಿ ಸಭೆ 1837ರಲ್ಲಿ ಟೋಪಿಯನ್ನು ನಿಷೇಧಿಸಿತು. 2019ರಲ್ಲಿ ಧಾರ್ಮಿಕ ತಲೆಯುಡುಗೆಗೆ ವಿನಾಯಿತಿ ಕೊಟ್ಟಿತು. ಇನ್ನು ರಾಯಲ್ ಆಸ್ಕಟ್ ಕುದುರೆ ಪಂದ್ಯದ ರಾಜ ಆವರಣದಲ್ಲಿ ಹ್ಯಾಟು ಇಲ್ಲದವರಿಗೇ ಪ್ರವೇಶವಿಲ್ಲ.

ತಪ್ಪು ಕಲ್ಪನೆ 4: ಹೆಂಗಸರಿಗೂ ಗಂಡಸರಿಗೂ ನಿಯಮ ಒಂದೇ.

ಸತ್ಯ: ಹೆಂಗಸರ ಹ್ಯಾಟನ್ನು ಪಿನ್ನು ಚುಚ್ಚಿ ಕೂದಲಿಗೆ ಭದ್ರಪಡಿಸುತ್ತಿದ್ದರು. ಅದು ಉಡುಪಿನದೇ ಭಾಗ. ಹೋದಲ್ಲೆಲ್ಲ ತೆಗೆದು ಹಾಕುವ ವಸ್ತುವಲ್ಲ. ಆದ್ದರಿಂದ ಚರ್ಚು, ಮದುವೆ, ಮಧ್ಯಾಹ್ನದ ಔತಣಗಳಲ್ಲಿ ಅವರು ಹ್ಯಾಟು ಇಟ್ಟುಕೊಂಡೇ ಇರುತ್ತಿದ್ದರು. ಹಿಂದೆ ಕೂತವರಿಗೆ ನಾಟಕ ಕಾಣದಿದ್ದರೆ ಮಾತ್ರ ತೆಗೆಯಬೇಕಿತ್ತು. ಆದರೆ ಬೇಸ್‌ಬಾಲ್ ಟೋಪಿಯ ಮಾತು ಬೇರೆ. ಅದು ಇಬ್ಬರೂ ಹಾಕುವ ಟೋಪಿಯಾದ್ದರಿಂದ ಗಂಡಸರ ನಿಯಮವೇ ಹೆಂಗಸರಿಗೂ ಅನ್ವಯ ಎಂದು ಇಂದಿನ ಅಮೆರಿಕನ್ ಶಿಷ್ಟಾಚಾರ ಹೇಳುತ್ತದೆ.

ತಪ್ಪು ಕಲ್ಪನೆ 5: ದೇವರ ಮುಂದೆ ಎಲ್ಲರೂ ಬರಿದಲೆಯಲ್ಲಿ ನಿಲ್ಲಬೇಕು.

ಸತ್ಯ: ಒಂದೊಂದು ಧರ್ಮದ್ದು ಒಂದೊಂದು ದಾರಿ. ಚರ್ಚಿನಲ್ಲಿ ಗಂಡಸರು ಟೋಪಿ ತೆಗೆಯುವ ಪದ್ಧತಿಗೆ ಆಧಾರ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರ. ಪ್ರಾರ್ಥಿಸುವ ಗಂಡಸು ತಲೆ ಮುಚ್ಚಬಾರದು, ಹೆಂಗಸು ಮುಚ್ಚಬೇಕು ಎಂಬ ಮಾತು ಅದರಲ್ಲಿದೆ. ಕ್ಯಾಥೋಲಿಕ್ ಸಭೆಯ 1917ರ ಸಂಹಿತೆಯಲ್ಲಿ ಇದು ನಿಯಮವಾಗಿಯೇ ಇತ್ತು. 1983ರ ಹೊಸ ಸಂಹಿತೆಯಲ್ಲಿ ಆ ನಿಯಮವಿಲ್ಲ. ನಮ್ಮ ಚರ್ಚುಗಳಲ್ಲಿ ಸೆರಗು ಹೊದ್ದು ಕೂರುವ ಹೆಂಗಸರು ಈಗ ಕಾನೂನಿಗಾಗಿ ಹಾಗೆ ಮಾಡುವುದಿಲ್ಲ, ರೂಢಿಯಿಂದ, ಭಕ್ತಿಯಿಂದ ಮಾಡುತ್ತಾರೆ. ಬಿಷಪ್ಪರ ತಲೆಯ ಪುಟ್ಟ ಟೋಪಿ ಪೂಜೆಯ ಬಹುಭಾಗ ಇದ್ದಲ್ಲೇ ಇರುತ್ತದೆ. ಪರಮಪ್ರಸಾದದ ಪ್ರಾರ್ಥನೆಯ ಹೊತ್ತಿಗೆ ಅದನ್ನೂ ತೆಗೆದಿಡುತ್ತಾರೆ.

ಯಹೂದಿಗಳ ಸಿನಗಾಗ್‌ನಲ್ಲಿ ಗಂಡಸರು ತಲೆ ಮುಚ್ಚಲೇಬೇಕು. ಸಿಖ್ಖರ ಗುರುದ್ವಾರದಲ್ಲಿ ಗಂಡಸು, ಹೆಂಗಸು, ಮಕ್ಕಳು ಯಾರೇ ಆಗಲಿ ತಲೆ ಮುಚ್ಚಬೇಕು, ಕಾಲು ಬರಿದಾಗಿರಬೇಕು. ಬೀದರಿನ ಗುರುನಾನಕ್ ಝೀರಾ ಸಾಹೇಬಕ್ಕೆ ಹೋಗುವವರು ಒಂದು ಕರವಸ್ತ್ರ ಜೊತೆಗಿಟ್ಟುಕೊಂಡರೆ ಒಳ್ಳೆಯದು. ಕ್ರಿಕೆಟ್ ಟೋಪಿಗಿಂತ ಬಟ್ಟೆಯೇ ಅಲ್ಲಿಗೆ ಸಲ್ಲುವಂಥದು. ಮಸೀದಿಯಲ್ಲಿ ಟೋಪಿ ಇಲ್ಲದೆ ನಮಾಜು ಆಗುವುದೇ ಇಲ್ಲ ಎಂದು ಹೊರಗಿನ ಹಲವರು ತಿಳಿದಿದ್ದಾರೆ. ಗಂಡಸರಿಗೆ ಅದು ಕಡ್ಡಾಯವಲ್ಲ, ಒಳ್ಳೆಯ ನಡತೆ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಹಜ್ ಯಾತ್ರೆಯಲ್ಲಿ ಇಹ್ರಾಮ್ ಧರಿಸಿದ ಗಂಡಸರಂತೂ ತಲೆ ಮುಚ್ಚುವ ಹಾಗೇ ಇಲ್ಲ. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಬನಿಯನ್ ಕಳಚಿ ದರ್ಶನಕ್ಕೆ ನಿಲ್ಲುವುದು ಇನ್ನೊಂದು ರೀತಿ. ಎಲ್ಲೆಡೆಯೂ ಭಾವ ಒಂದೇ: ಹೊರಗೆ ಇದ್ದ ಹಾಗೆ ಒಳಗೆ ಬರಬಾರದು. ಏನನ್ನು ಕಳಚಬೇಕು, ಏನನ್ನು ಹೊದೆಯಬೇಕು ಎಂಬುದನ್ನು ಆ ಜಾಗವೇ ಹೇಳುತ್ತದೆ.

ತಪ್ಪು ಕಲ್ಪನೆ 6: ರಾಷ್ಟ್ರಗೀತೆಯ ಹೊತ್ತಿನಲ್ಲಿ ಟೋಪಿ ತೆಗೆಯುವುದು ಭಾರತದ ಕಾನೂನು.

ಸತ್ಯ: ಕೇಂದ್ರ ಸರ್ಕಾರದ ರಾಷ್ಟ್ರಗೀತೆ ಆದೇಶ ಕೇಳುವುದು ಎದ್ದು ಸಾವಧಾನವಾಗಿ ನಿಲ್ಲುವುದನ್ನು. ತಲೆಯುಡುಗೆ ತೆಗೆಯಬೇಕೆಂದು ಅದು ಹೇಳುವುದಿಲ್ಲ. ಧ್ವಜ ಸಂಹಿತೆಯಲ್ಲಿ ಇನ್ನೂ ಗಮನಿಸಬೇಕಾದ ಸಾಲೊಂದಿದೆ: ಗಣ್ಯರು ತಲೆಯುಡುಗೆ ಇಲ್ಲದೆಯೂ ಗೌರವವಂದನೆ ಸ್ವೀಕರಿಸಬಹುದು ಎಂದು ಅದು ಅನುಮತಿ ಕೊಡುತ್ತದೆ. ಅಂದರೆ ತಲೆ ಮುಚ್ಚಿರುವುದೇ ರೂಢಿ, ಬರಿದಲೆಗೆ ವಿನಾಯಿತಿ! ಸಮವಸ್ತ್ರದ ಯೋಧರು, ಪೊಲೀಸರು ಟೋಪಿ, ಪಗಡಿ ಧರಿಸಿಯೇ ವಂದಿಸುತ್ತಾರೆ. ಗಾಂಧಿ ಟೋಪಿಯ ಅಜ್ಜ, ಪೇಟ ತೊಟ್ಟ ಸನ್ಮಾನಿತರು, ಪಗಡಿಯ ಸಿಖ್ಖರು, ಮಂಡೆತುಣಿ ಕಟ್ಟಿದ ಕೊಡವರು ಯಾರೂ ಏನನ್ನೂ ತೆಗೆಯಬೇಕಿಲ್ಲ.

ಹಾಗಾದರೆ ‘ಟೋಪಿ ತೆಗೀರಿ’ ಎಂಬುದು ಎಲ್ಲಿಯದು? ಅಮೆರಿಕದ ಕಾನೂನು ಸಂಹಿತೆಯಲ್ಲಿ ಅದು ಬರಹರೂಪದಲ್ಲೇ ಇದೆ. ಅವರ ರಾಷ್ಟ್ರಗೀತೆಯ ವೇಳೆ ಸಮವಸ್ತ್ರದಲ್ಲಿಲ್ಲದ ಗಂಡಸರು ಬಲಗೈಯಿಂದ ಟೋಪಿ ತೆಗೆದು, ಕೈ ಎದೆಯ ಮೇಲೆ ಬರುವಂತೆ ಎಡ ಭುಜದ ಬಳಿ ಹಿಡಿಯಬೇಕು. ಅಲ್ಲಿ ನೆಲೆಸಿದ ಕನ್ನಡಿಗರು ಬೇಸ್‌ಬಾಲ್ ಪಂದ್ಯಕ್ಕೆ ಹೋದಾಗ ಇದನ್ನು ಪಾಲಿಸುವುದು ಸರಿ. ನಮ್ಮ ಹುಡುಗರು ಬಿಸಿಲಿಗೆ ಹಾಕಿದ ಕ್ರಿಕೆಟ್ ಟೋಪಿಯನ್ನು ತಾವಾಗಿ ತೆಗೆದರೆ ಅದೂ ಚೆಂದವೇ. ಪಂದ್ಯ ಮುಗಿದ ಮೇಲೆ ಆಟಗಾರರು ಟೋಪಿ ತೆಗೆದು ಕೈಕುಲುಕುವ ಹಾಗೆ ಇದೂ ಆ ಟೋಪಿಯ ಜೊತೆಗೇ ಬಂದ ಸಂಪ್ರದಾಯ. ಅದನ್ನು ಪೇಟಕ್ಕೂ ರುಮಾಲಿಗೂ ಹೇರುವುದು ತಪ್ಪು.

ತಪ್ಪು ಕಲ್ಪನೆ 7: ತೆಗೆಯಲು ಒಪ್ಪದವನು ಉದ್ಧಟ.

ಸತ್ಯ: ಚರಿತ್ರೆಯಲ್ಲಿ ಟೋಪಿ ತೆಗೆಯಲು ಒಪ್ಪದ ಹಲವರು ಆತ್ಮಗೌರವಕ್ಕಾಗಿ ನಿಂತವರು. 17ನೇ ಶತಮಾನದ ಇಂಗ್ಲೆಂಡಿನ ಕ್ವೇಕರ್ ಪಂಥದವರು ಪ್ರಾರ್ಥನೆಯಲ್ಲಿ ದೇವರೆದುರು ಮಾತ್ರ ಟೋಪಿ ತೆಗೆಯುತ್ತಿದ್ದರು; ದೊಡ್ಡವರೆನಿಸಿಕೊಂಡ ಮನುಷ್ಯರೆದುರು ತೆಗೆಯುತ್ತಿರಲಿಲ್ಲ. 1670ರಲ್ಲಿ ಇದೇ ಪಂಥದ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅವರನ್ನು ಲಂಡನ್ನಿನ ನ್ಯಾಯಾಲಯಕ್ಕೆ ಕರೆತಂದಾಗ ಸಿಬ್ಬಂದಿಯೊಬ್ಬನೇ ಅವರ ಟೋಪಿ ತೆಗೆದಿದ್ದ. ಪೀಠದ ಅಪ್ಪಣೆಯಂತೆ ಅವನ್ನು ಮತ್ತೆ ಅವರ ತಲೆಯ ಮೇಲೆ ಇಡಲಾಯಿತು. ಆಮೇಲೆ ಟೋಪಿ ತೆಗೆಯಲಿಲ್ಲವೆಂದು ಇಬ್ಬರಿಗೂ ದಂಡ ಹಾಕಲಾಯಿತು. ಅದೇ ಮೊಕದ್ದಮೆಯಲ್ಲಿ ಅವರನ್ನು ತಪ್ಪಿತಸ್ಥರೆನ್ನಲು ಒಪ್ಪದ ಜ್ಯೂರಿಗಳಿಗೂ ಶಿಕ್ಷೆಯಾಯಿತು. ತೀರ್ಪಿಗಾಗಿ ಜ್ಯೂರಿಗಳನ್ನು ದಂಡಿಸುವಂತಿಲ್ಲ ಎಂಬ ಕಾನೂನಿನ ತತ್ವ ಗಟ್ಟಿಯಾದದ್ದು ಅದರ ಬೆನ್ನಿಗೇ.

1893ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕದ ಡರ್ಬನ್ನಿಗೆ ಹೋದ ಹೊಸತು. ಅಲ್ಲಿನ ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟ್ ಪಗಡಿ ತೆಗೆಯಲು ಹೇಳಿದ. ಗಾಂಧೀಜಿ ಒಪ್ಪದೆ ಹೊರಗೆ ನಡೆದರು. ಪತ್ರಿಕೆಯಲ್ಲಿ ಚರ್ಚೆಯೇ ಆಯಿತು. ಪಗಡಿ ಬಿಟ್ಟು ಇಂಗ್ಲಿಷ್ ಹ್ಯಾಟು ಹಾಕಿದರೆ ಜಗಳವೇ ಇರದು ಎಂದು ಅವರಿಗೆ ಅನ್ನಿಸಿದಾಗ, ಅವರ ಕಕ್ಷಿದಾರ ದಾದಾ ಅಬ್ದುಲ್ಲಾ ಸೇಠರು ತಡೆದರು: ನಿಮ್ಮ ತಲೆಗೆ ಒಪ್ಪುವುದು ಪಗಡಿಯೇ, ಅದನ್ನು ಬಿಟ್ಟರೆ ಅದಕ್ಕಾಗಿ ಪಟ್ಟು ಹಿಡಿದ ಇತರರ ಕೈ ಬಿಟ್ಟಂತಾಗುತ್ತದೆ ಎಂಬುದು ಅವರ ವಾದ. ಮರುವರ್ಷ ನೆಟಾಲಿನ ಸುಪ್ರೀಂ ಕೋರ್ಟು ಗಾಂಧೀಜಿಯನ್ನು ವಕೀಲರಾಗಿ ಸೇರಿಸಿಕೊಂಡಾಗ, ವಕೀಲರ ಉಡುಪಿನ ನಿಯಮದಂತೆ ಪಗಡಿ ತೆಗೆಯಲು ಮುಖ್ಯ ನ್ಯಾಯಮೂರ್ತಿ ಹೇಳಿದರು. ಈ ಸಲ ಗಾಂಧೀಜಿ ತೆಗೆದರು. ಶಕ್ತಿಯನ್ನು ದೊಡ್ಡ ಹೋರಾಟಗಳಿಗೆ ಉಳಿಸಿಕೊಳ್ಳಬೇಕೆಂದು ಅವರೇ ತೀರ್ಮಾನಿಸಿದ್ದರು. ತೆಗೆಯದಿದ್ದಾಗಲೂ ತೆಗೆದಾಗಲೂ ನಿರ್ಧಾರ ಅವರದೇ ಆಗಿತ್ತು ಎಂಬುದೇ ಇಲ್ಲಿ ಮುಖ್ಯ.

ತಪ್ಪು ಕಲ್ಪನೆ 8: ತಲೆಯುಡುಗೆ ತೆಗೆಸಿ ಅವಮಾನಿಸಿದವರು ಪರಕೀಯರು ಮಾತ್ರ; ನಮ್ಮಲ್ಲಿ ಅದಿರಲಿಲ್ಲ.

ಸತ್ಯ: ಇತ್ತು. ಪೇಟದ ಘನತೆಯನ್ನು ಹೊಗಳುವಾಗ ಇದನ್ನು ಮರೆಯಬಾರದು. ನಮ್ಮ ಹಳ್ಳಿಗಳಲ್ಲಿ ಒಡೆಯನೆದುರು ಆಳು ತಲೆಗೆ ಸುತ್ತಿದ ಮುಂಡಾಸು ಬಿಚ್ಚಬೇಕಿತ್ತು, ಹೆಗಲ ಮೇಲಿನ ಟವೆಲನ್ನು ಕಂಕುಳಿಗೆ ಸೇರಿಸಬೇಕಿತ್ತು, ಮೇಲ್ಜಾತಿಯ ಕೇರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ದರ್ಬಾರಿನಲ್ಲಿ ಪೇಟ ಮರ್ಯಾದೆಯಾಗಿದ್ದ ನಾಡಿನಲ್ಲೇ ದಲಿತನ ಮುಂಡಾಸು ಅಪರಾಧವಾಗಿತ್ತು. ಅದನ್ನು ವಿನಯವೆಂದು ಕರೆಯುವುದು ಸುಳ್ಳು. ಅದು ಬಲವಂತದಿಂದ ಕಿತ್ತುಕೊಂಡ ವಿಧೇಯತೆ. ತಾನಾಗಿ ತೆಗೆದರೆ ಗೌರವ, ಇನ್ನೊಬ್ಬರು ತೆಗೆಸಿದರೆ ಅವಮಾನ. ಈ ಗೆರೆ ಕಣ್ಣಿಗೆ ಬಿದ್ದರೆ ಉಳಿದ ನಿಯಮಗಳೆಲ್ಲ ಸಲೀಸಾಗಿ ಅರ್ಥವಾಗುತ್ತವೆ.

ಹಾಗಾದರೆ ಏನು ಮಾಡಬೇಕು?

ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಇದು ಯಾರ ಜಾಗ? ಅತಿಥಿಯಾಗಿ ಹೋದಲ್ಲಿ ಅಲ್ಲಿಯವರ ರೀತಿಯನ್ನು ಪಾಲಿಸಬೇಕು: ಚರ್ಚಿನಲ್ಲಿ ಗಂಡಸರು ಟೋಪಿ ತೆಗೆಯಲಿ, ಗುರುದ್ವಾರದಲ್ಲಿ ಎಲ್ಲರೂ ತಲೆ ಮುಚ್ಚಲಿ. ತಲೆಯ ಮೇಲಿರುವುದು ಯಾವ ಬಗೆಯದು? ಬಿಸಿಲು ಮಳೆಗೆ ಹಾಕಿದ ಟೋಪಿ, ಹೆಲ್ಮೆಟ್ಟು, ಮಂಕಿ ಕ್ಯಾಪುಗಳನ್ನು ಮನೆಯೊಳಗೆ, ಊಟಕ್ಕೆ ಕೂತಾಗ, ಹಿರಿಯರೊಡನೆ ಮಾತಾಡುವಾಗ ತೆಗೆದಿಡುವುದು ಲಕ್ಷಣ. ಪೇಟ, ಪಗಡಿ, ರುಮಾಲು, ಗಾಂಧಿ ಟೋಪಿ, ನಮಾಜಿನ ಟೋಪಿ, ಸೆರಗು ಇವು ಹಾಗಲ್ಲ. ಇವು ಧರಿಸಿದವರ ವ್ಯಕ್ತಿತ್ವಕ್ಕೇ ಸೇರಿದವು. ಮೂರನೆಯ ಪ್ರಶ್ನೆ: ನಾನು ನನ್ನ ತಲೆಯ ಬಗ್ಗೆ ಯೋಚಿಸುತ್ತಿದ್ದೇನೆಯೇ, ಇನ್ನೊಬ್ಬರ ತಲೆಯ ಬಗ್ಗೆಯೇ?

ಈ ಕೊನೆಯ ಪ್ರಶ್ನೆಯಲ್ಲೇ ನಾವು ಹೆಚ್ಚು ಎಡವುತ್ತೇವೆ. ಕ್ಯಾನ್ಸರ್ ಚಿಕಿತ್ಸೆಯಿಂದ ಕೂದಲು ಉದುರಿದವರು ಊಟದ ಮನೆಗೂ ಟೋಪಿ ಹಾಕಿಕೊಂಡು ಬರುತ್ತಾರೆ. ‘ಒಳಗೆ ಯಾಕೆ ಟೋಪಿ?’ ಎಂದು ನಾಲ್ಕು ಜನರ ಮುಂದೆ ಕೇಳಿದರೆ ಅವರಿಗೆ ಆಗುವ ನೋವಿಗೆ ಯಾವ ಶಿಷ್ಟಾಚಾರದ ಪುಸ್ತಕವೂ ಸಮರ್ಥನೆ ಕೊಡದು. ಮಕ್ಕಳಿಗೆ ಮನೆಯಲ್ಲಿ ಕಲಿಸೋಣ, ನಮ್ಮ ಟೋಪಿಯನ್ನು ನಾವು ತೆಗೆಯೋಣ. ಇನ್ನೊಬ್ಬರ ತಲೆಯ ಮೇಲಿನದನ್ನು ಅವರ ಇಷ್ಟಕ್ಕೆ ಬಿಡುವುದೇ ಸಭ್ಯರ ಮೊದಲ ಪಾಠ.