ಹನಿಗೆ ಕಣದ ಕಾವಲು

ಪರಸ್ಪರ ಹೊಂದಿಕೊಳ್ಳದ ಇಬ್ಬರನ್ನು ಕುರಿತು ‘ಎಣ್ಣೆ ಸೀಗೆಕಾಯಿ’ ಎನ್ನುವುದು ನಮ್ಮಲ್ಲಿ ವಾಡಿಕೆ. ರಸಾಯನವಿಜ್ಞಾನದ ದೃಷ್ಟಿಯಿಂದ ಈ ಮಾತು ಸೀಗೆಕಾಯಿಗೆ ಅನ್ಯಾಯವನ್ನೇ ಮಾಡುತ್ತದೆ. ಎಣ್ಣೆಗೆ ಹೊಂದದಿರುವುದು ನೀರು. ಸೀಗೆಕಾಯಿಯಾದರೋ ಅವೆರಡರ ನಡುವೆ ಸಂಧಾನ ಮಾಡಿಸುವ ವಸ್ತು.

ಶೀಶೆಯೊಂದರಲ್ಲಿ ನೀರನ್ನೂ ಎಣ್ಣೆಯನ್ನೂ ಹಾಕಿ ಬಲವಾಗಿ ಕುಲುಕಿದರೆ ಎಣ್ಣೆಯು ಹನಿಹನಿಯಾಗಿ ಒಡೆದು ನೀರಿನಲ್ಲೆಲ್ಲ ಹರಡುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಹನಿಗಳು ಒಂದನ್ನೊಂದು ಕೂಡಿಕೊಂಡು ಮೇಲಕ್ಕೇರುತ್ತವೆ. ಒಂದು ದ್ರವದ ಹನಿಗಳು ತನ್ನೊಡನೆ ಬೆರೆಯದ ಇನ್ನೊಂದು ದ್ರವದಲ್ಲಿ ಹರಡಿ ನಿಂತಿರುವ ಮಿಶ್ರಣಕ್ಕೆ ಎಮಲ್ಷನ್ ಎಂದು ಹೆಸರು. ಹಾಲು ಇದಕ್ಕೆ ಉತ್ತಮ ನಿದರ್ಶನ. ಎಮಲ್ಷನ್ ಬಾಳಬೇಕಾದರೆ ಹನಿಗಳು ಕೂಡಿಕೊಳ್ಳದಂತೆ ತಡೆಯುವ ಕಾವಲೊಂದು ಬೇಕು. ಸಾಬೂನು ಅಂಥದು. ಅದರ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ತುದಿ ಎಣ್ಣೆಯನ್ನು. ಸೀಗೆಕಾಯಿಯಲ್ಲಿರುವ ಸ್ಯಾಪೊನಿನ್ ಕೂಡ ಇದೇ ಬಗೆಯದು.

ಆದರೆ ಇಂಥ ಇಬ್ಬಗೆಯ ಅಣುವೇ ಬೇಕೆಂಬ ನಿಯಮವಿಲ್ಲ. ಎರಡು ದ್ರವಗಳಲ್ಲಿಯೂ ಕರಗದ ನುಣುಪಾದ ಪುಡಿಯೂ ಅದೇ ಕೆಲಸವನ್ನು ಮಾಡಬಲ್ಲದು. ಇಂಗ್ಲೆಂಡಿನ ವಾಲ್ಟರ್ ರಾಮ್ಸ್‌ಡೆನ್ ಎಂಬ ವಿಜ್ಞಾನಿ 1903ರಲ್ಲಿ ಇದನ್ನು ಗುರುತಿಸಿದರು. 1907ರಲ್ಲಿ ಸ್ಪೆನ್ಸರ್ ಪಿಕರಿಂಗ್ ಇದನ್ನು ವಿಸ್ತಾರವಾಗಿ ಪರೀಕ್ಷಿಸಿ ಪ್ರಕಟಿಸಿದರು. ಅಂದಿನಿಂದ ಇವುಗಳಿಗೆ ಪಿಕರಿಂಗ್ ಎಮಲ್ಷನ್ ಎಂಬ ಹೆಸರು ನಿಂತಿದೆ.

ಪಿಕರಿಂಗ್ ಅವರ ಕಾರ್ಯಕ್ಷೇತ್ರ ವೊಬರ್ನ್ ಎಂಬಲ್ಲಿದ್ದ ಪ್ರಾಯೋಗಿಕ ಹಣ್ಣಿನ ತೋಟ. ಮರಗಳ ಕೀಟಗಳನ್ನು ಖನಿಜ ತೈಲದಿಂದ ಕೊಲ್ಲಬಹುದು. ಆದರೆ ಬರಿಯ ತೈಲವನ್ನೇ ಎರಚಿದರೆ ಎಲೆಯೂ ಸುಟ್ಟಂತಾಗುತ್ತದೆ. ನೀರಿನೊಡನೆ ಬೆರೆಸಲು ಸಾಬೂನನ್ನು ಬಳಸೋಣವೆಂದರೆ, ಗಡಸು ನೀರಿನಲ್ಲಿ ಸಾಬೂನು ಒಡೆದು ಗಸಿಯಾಗುತ್ತದೆ. ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಕೂಡಿಸಿದಾಗ ಉಂಟಾಗುವ ನೀಲಿ ಗಸಿಯೊಡನೆ ತೈಲವನ್ನು ಕಲಕಿದರೆ ಸ್ಥಿರವಾದ ಎಮಲ್ಷನ್ ದೊರೆಯುವುದೆಂದು ಪಿಕರಿಂಗ್ ತೋರಿಸಿದರು. ಮಲೆನಾಡಿನ ವಾಚಕರಿಗೆ ಈ ಗಸಿ ಅಪರಿಚಿತವಲ್ಲ. ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೂ ಇದೇ ಎರಡು ವಸ್ತುಗಳಿಂದ ಆದುದು: ನೂರು ಲೀಟರ್ ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ.

ಕರಗದ ಪುಡಿ ಹನಿಯನ್ನು ಕಾಯುವುದು ಹೇಗೆ? ಎಣ್ಣೆ ಮತ್ತು ನೀರು ಸಂಧಿಸುವ ಪ್ರತಿಯೊಂದು ಎಡೆಯಲ್ಲಿಯೂ ಶಕ್ತಿ ವ್ಯಯವಾಗಿರುತ್ತದೆ. ಆದುದರಿಂದಲೇ ಹನಿಗಳು ಒಂದಾಗಿ ಮೇಲ್ಮೈಯನ್ನು ಕುಗ್ಗಿಸಿಕೊಳ್ಳಲು ಹವಣಿಸುತ್ತವೆ. ಕಣವೊಂದು ಗಡಿಯಲ್ಲಿ ಬಂದು ಕುಳಿತಾಗ ತನ್ನ ಅಗಲದಷ್ಟು ಗಡಿಯನ್ನು ಅಳಿಸಿಬಿಡುತ್ತದೆ. ಅದನ್ನು ಕಿತ್ತು ತೆಗೆಯಬೇಕಾದರೆ ಅಷ್ಟು ಗಡಿಯನ್ನು ಮತ್ತೆ ನಿರ್ಮಿಸಬೇಕು. ಅದಕ್ಕೆ ಬೇಕಾದ ಶಕ್ತಿ ಕಣದ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮಿಲಿಮೀಟರಿನ ಲಕ್ಷದಲ್ಲೊಂದು ಭಾಗ ತ್ರಿಜ್ಯವುಳ್ಳ ಕಣವನ್ನು ತೆಗೆದುಕೊಳ್ಳಿ. ಅದು ಗಡಿಯಲ್ಲಿ ಸರಿಯಾಗಿ ಅರ್ಧಕ್ಕೆ ಮುಳುಗಿದ್ದರೆ, ಅದನ್ನು ಕೀಳಲು ಬೇಕಾದ ಶಕ್ತಿಯು, ಕೋಣೆಯ ಉಷ್ಣತೆಯಲ್ಲಿ ಅಣುಗಳ ಅಲೆದಾಟ ಒದಗಿಸುವ ಶಕ್ತಿಯ ಮಾನಕ್ಕಿಂತ ಕೆಲವು ಸಾವಿರ ಪಟ್ಟು ಹೆಚ್ಚು. ಸಾಬೂನಿನ ಅಣುಗಳು ಗಡಿಗೆ ಬಂದು ಹೋಗುತ್ತಿರುತ್ತವೆ. ಕಣವಾದರೋ ಒಮ್ಮೆ ಕುಳಿತರೆ ಏಳುವುದೇ ಇಲ್ಲ. ಇಂಥ ಕಣಗಳು ಒತ್ತಾಗಿ ಕವಚದಂತೆ ಸುತ್ತುವರಿದಾಗ ಎರಡು ಹನಿಗಳು ತಾಗಿದರೂ ಒಂದಾಗಲಾರವು.

ಇಲ್ಲಿ ಒಂದು ನಿಬಂಧನೆಯುಂಟು. ಕಣವು ಎರಡು ದ್ರವಗಳಿಂದಲೂ ಒಂದಿಷ್ಟು ತೊಯ್ಯಬೇಕು. ಕೇವಲ ನೀರನ್ನೇ ಮೆಚ್ಚುವ ಕಣ ನೀರಿನಲ್ಲಿ ಮುಳುಗುತ್ತದೆ. ಎಣ್ಣೆಯನ್ನೇ ಮೆಚ್ಚುವುದು ಎಣ್ಣೆಯನ್ನು ಸೇರುತ್ತದೆ. ಯಾವ ದ್ರವ ಕಣವನ್ನು ಹೆಚ್ಚಾಗಿ ತೊಯ್ಯಿಸುವುದೋ ಅದು ಹೊರಗಿನ ದ್ರವವಾಗಿ, ಇನ್ನೊಂದು ಹನಿಯಾಗಿ ಉಳಿಯುತ್ತದೆ. ಜೇಡಿಮಣ್ಣು ನೀರಿನಲ್ಲಿ ಎಣ್ಣೆಯ ಹನಿಗಳನ್ನು ನಿಲ್ಲಿಸಿದರೆ, ದೀಪದ ಮಸಿ ಎಣ್ಣೆಯಲ್ಲಿ ನೀರಿನ ಹನಿಗಳನ್ನು ನಿಲ್ಲಿಸುತ್ತದೆ.

ನಮ್ಮ ಅಡಿಗೆಮನೆಯ ಬೆಣ್ಣೆ ಈ ಎರಡನೆಯ ಬಗೆಯದು. ಅದರಲ್ಲಿ ನೀರಿನ ಸಣ್ಣ ಹನಿಗಳಿದ್ದು, ಅವುಗಳನ್ನು ಹಿಡಿದಿಡುವಲ್ಲಿ ಗಟ್ಟಿಯಾದ ಕೊಬ್ಬಿನ ಹರಳುಗಳ ಪಾತ್ರ ದೊಡ್ಡದು. ಬೆಣ್ಣೆಯನ್ನು ಒಲೆಯ ಮೇಲಿಟ್ಟಾಗ ಹರಳುಗಳು ಕರಗುತ್ತವೆ. ಕಾವಲು ತಪ್ಪಿದ ನೀರು ಬೇರ್ಪಟ್ಟು, ಚಟಚಟನೆ ಸದ್ದು ಮಾಡುತ್ತ ಆವಿಯಾಗಿ ಹೋಗುತ್ತದೆ, ಉಳಿಯುವುದು ತುಪ್ಪ.

ಈ ಕಾವಲು ಎಲ್ಲೆಡೆಯೂ ಹಿತಕರವೆಂದಲ್ಲ. ಭೂಮಿಯಿಂದ ತೆಗೆದ ಕಚ್ಚಾ ತೈಲದಲ್ಲಿ ಉಪ್ಪುನೀರಿನ ಹನಿಗಳು ಸೇರಿರುತ್ತವೆ. ತೈಲದಲ್ಲಿರುವ ಆಸ್ಫಾಲ್ಟೀನ್ ಎಂಬ ಪದಾರ್ಥವೂ ಜೇಡಿಯ ಕಣಗಳೂ ಅವುಗಳನ್ನು ಬಿಗಿಯಾಗಿ ಸುತ್ತುವರಿಯುತ್ತವೆ. ಆ ನೀರನ್ನು ಬೇರ್ಪಡಿಸದೆ ಬಿಟ್ಟರೆ ಕೊಳವೆಗಳು ತುಕ್ಕು ಹಿಡಿಯುತ್ತವೆ. ತೋಟದಲ್ಲಿ ಬಯಸಿದ ಸ್ಥಿರತೆಯನ್ನೇ ತೈಲದ ಬಾವಿಯ ಬಳಿ ಮುರಿಯಬೇಕಾಗುತ್ತದೆ.

ಇಂದು ವಿಜ್ಞಾನಿಗಳು ತಕ್ಕ ಕಣಗಳನ್ನು ಆರಿಸಿ ಈ ಗುಣವನ್ನು ಪಳಗಿಸುತ್ತಿದ್ದಾರೆ. ಬಿಸಿಲಿನಿಂದ ಚರ್ಮವನ್ನು ರಕ್ಷಿಸುವ ಲೇಪನಗಳಲ್ಲಿ ಸತುವಿನ ಆಕ್ಸೈಡ್ ಕಣಗಳು ಅತಿನೇರಳೆ ಕಿರಣಗಳನ್ನೂ ತಡೆಯಬಲ್ಲವು, ಹನಿಗಳನ್ನೂ ಕಾಯಬಲ್ಲವು. ಆಹಾರಕ್ಕಾಗಿ ಪಿಷ್ಟ ಮತ್ತು ಸೆಲ್ಯುಲೋಸ್ ಕಣಗಳು ಪರೀಕ್ಷೆಗೊಳಗಾಗಿವೆ. ಅಮೆರಿಕದ ಓಕ್ಲಹಾಮ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಮಲ್ಷನ್ನಿನ ಗಡಿಯನ್ನು ಕಾಯುವ ಕಣಗಳೇ ಪಲ್ಲೇಡಿಯಂ ಲೋಹವನ್ನು ಹೊತ್ತು ವೇಗವರ್ಧಕಗಳಾಗಿಯೂ ದುಡಿದವು.

ಪುಡಿಯ ಒಂದು ಕಣಕ್ಕೆ ಸಾಬೂನಿನಂಥ ಎರಡು ಮುಖಗಳಿಲ್ಲ. ಯಾವ ಪಕ್ಷಕ್ಕೂ ಪೂರ್ಣವಾಗಿ ವಾಲದೆ ಗಡಿಯಲ್ಲಿ ಕುಳಿತಿರುವುದೇ ಅದರ ಬಲ. ಮುಂದಿನ ಸಲ ಮನೆಯಲ್ಲಿ ಬೆಣ್ಣೆ ಕಾಯಿಸುವಾಗ ಆ ಚಟಚಟ ಸದ್ದಿಗೆ ಕಿವಿಗೊಡಿ. ಕಾವಲು ಕರಗಿದ ಸುದ್ದಿಯನ್ನೇ ಅದು ಹೇಳುತ್ತಿರುತ್ತದೆ.