ಅಗ್ಗಕ್ಕೆ ಕೊಂಡ ಓಟದ ಕುದುರೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸಂಜೆಯ ಹೊತ್ತು ನೆಲಕ್ಕೆ ಅಂಟಿಕೊಂಡಂತಿರುವ ಕೆಂಪು ಕಾರೊಂದು ಗುಡುಗುತ್ತ ಹಾಯ್ದು ಹೋದರೆ, ಚಹದಂಗಡಿಯ ಮುಂದೆ ನಿಂತವರ ಕತ್ತುಗಳೆಲ್ಲ ಒಮ್ಮೆಲೇ ಆ ಕಡೆಗೆ ತಿರುಗುತ್ತವೆ. ಇಂಥ ಕಾರುಗಳು ಒಂದು ಕಾಲಕ್ಕೆ ಮುಂಬಯಿಯ ಸಿನಿಮಾ ನಟರಿಗೂ ಗಣಿಯ ಧಣಿಗಳಿಗೂ ಮೀಸಲಾದ ಸೊತ್ತು ಎಂದು ನಾವೆಲ್ಲ ಭಾವಿಸಿದ್ದೆವು. ಈಗ ಹಾಗಿಲ್ಲ. ಹೊಸದಾಗಿದ್ದಾಗ ಕೋಟಿಯ ಸಮೀಪ ಬೆಲೆಬಾಳುತ್ತಿದ್ದ ಪೋರ್ಷೆ, ಆಡಿ, ಬಿಎಂಡಬ್ಲ್ಯು ಕಂಪನಿಗಳ ಎರಡು ಆಸನದ ಕಾರುಗಳು ಹತ್ತು ವರ್ಷ ಹಳೆಯದಾದ ಮೇಲೆ ದೊಡ್ಡದೊಂದು ಹೊಸ ಕುಟುಂಬ ಕಾರಿನ ಬೆಲೆಗೇ ಮಾರಾಟಕ್ಕೆ ಬರುತ್ತವೆ. ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಬಂದ ಮಗ ಅದರ ಚಿತ್ರವನ್ನು ತಂದೆಯ ಮುಂದೆ ಹಿಡಿದು, “ಅಪ್ಪಾ, ಹೊಸಾ ಗಾಡಿ ರೊಕ್ಕದಾಗ ಇದು ಬರತೈತಿ ನೋಡ್ರಿ” ಎಂದರೆ ತಂದೆಗೆ ತಟ್ಟನೆ ಉತ್ತರ ಹೊಳೆಯುವುದಿಲ್ಲ. ಮಗನ ಲೆಕ್ಕ ತಪ್ಪಲ್ಲ. ಆದರೆ ಅದು ಅರ್ಧಕ್ಕೆ ನಿಂತ ಲೆಕ್ಕ.

ಉಳಿದರ್ಧವನ್ನು ನೋಡೋಣ. ಕಾರಿನ ಬೆಲೆ ವರ್ಷ ವರ್ಷಕ್ಕೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಮೂವತ್ತೈದು ಲಕ್ಷಕ್ಕೆ ಕೊಂಡರೂ ಅದು ತೊಂಬತ್ತು ಲಕ್ಷದ ಕಾರೇ. ಗ್ಯಾರೇಜಿನವನು ಕೊಡುವ ಬಿಲ್ಲಿನಲ್ಲಿ ನೀವು ಅದನ್ನು ಎಷ್ಟಕ್ಕೆ ಕೊಂಡಿರೆಂಬ ಪ್ರಶ್ನೆಯೇ ಏಳುವುದಿಲ್ಲ. ಪೂರ್ಣವಾಗಿ ಹೊರದೇಶದಲ್ಲಿಯೇ ತಯಾರಾಗಿ ಬರುವ ದುಬಾರಿ ಕಾರಿನ ಮೇಲೆ ನಮ್ಮ ದೇಶದಲ್ಲಿ ಬಹುಕಾಲದಿಂದ ಶೇ. 110ರಷ್ಟು ಆಮದು ಸುಂಕದ ಭಾರವಿದೆ. ಅದರ ಮೇಲೆ ಜಿ.ಎಸ್.ಟಿ. ಬೇರೆ. ಹಡಗಿನಿಂದಲೋ ವಿಮಾನದಿಂದಲೋ ಬಂದಿಳಿಯುವ ಒಂದು ಬ್ರೇಕ್ ಡಿಸ್ಕು, ಒಂದು ದೀಪ, ಒಂದು ಗಾಜು ಕೂಡ ಸುಂಕ ತೆತ್ತೇ ಒಳಗೆ ಬರಬೇಕು. ಕೊಳ್ಳುವವರು ಹಿಂಜರಿಯುವುದಕ್ಕೂ ಹಳೆಯ ಕಾರು ಅಗ್ಗವಾಗುವುದಕ್ಕೂ ಇದೇ ಕಾರಣ. ಆನೆಯನ್ನು ಮಾರಲು ಹೊರಟವನು ಮೇವಿನ ಮಾತೆತ್ತುವುದಿಲ್ಲ.

ಈ ಮೇವು ಎಂಥದೆಂಬುದನ್ನು ಅರಿಯಬೇಕಾದರೆ ಎಂಜಿನಿನ ಒಳಗೆ ಇಣುಕಬೇಕು. ಇಟಲಿಯ ಫೆರಾರಿ ಕಂಪನಿ 1994ರಿಂದ 1999ರವರೆಗೆ ತಯಾರಿಸಿದ ಎಫ್355 ಎಂಬ ಕಾರು ರಸಿಕರ ಕಣ್ಮಣಿ. ಅದರ ಎಂಜಿನು ಸವಾರನ ಬೆನ್ನ ಹಿಂದಿದೆ. ಕವಾಟಗಳನ್ನು ತಾಳತಪ್ಪದಂತೆ ತೆರೆದು ಮುಚ್ಚಿಸುವ ರಬ್ಬರಿನ ಪಟ್ಟಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಲೇಬೇಕು. ಬದಲಿಸಲು ಇಡೀ ಎಂಜಿನನ್ನೇ ಹೊರಗಿಳಿಸಬೇಕು. ಕಾರು ಓಡಲಿ, ಷೆಡ್ಡಿನಲ್ಲಿ ನಿದ್ರಿಸಲಿ, ರಬ್ಬರಿಗೆ ವಯಸ್ಸಾಗುವುದು ನಿಲ್ಲುವುದಿಲ್ಲ. ಪಟ್ಟಿ ಹರಿದರೆ ಕವಾಟಗಳು ಪಿಸ್ಟನ್ನಿಗೆ ಬಡಿದು ಎಂಜಿನೇ ಹಾಳಾದೀತು. 2004ರಲ್ಲಿ ಬಂದ ಎಫ್430ರಲ್ಲಿ ಪಟ್ಟಿಯ ಬದಲು ಸರಪಳಿ ಹಾಕಿದ ಮೇಲೆ ಆ ಕಾಟ ತಪ್ಪಿತು. ಇನ್ನು ಜರ್ಮನಿಯ ಪೋರ್ಷೆ. 1997ರಿಂದ ಸುಮಾರು 2008ರವರೆಗೆ ಬಂದ ಬಾಕ್ಸ್‌ಸ್ಟರ್ ಹಾಗೂ 911 ಮಾದರಿಗಳ ಅನೇಕ ಎಂಜಿನುಗಳಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಬೇರಿಂಗು ಇದೆ. ಎಲ್ಲ ಕಾರುಗಳಲ್ಲಿಯೂ ಅದು ಕೆಡುವುದಿಲ್ಲ. ಆದರೆ ಕೆಟ್ಟ ಕಾರಿನಲ್ಲಿ ಎಂಜಿನನ್ನೇ ಬಲಿ ತೆಗೆದುಕೊಳ್ಳುತ್ತದೆ. 2009ರ ಹೊಸ ಎಂಜಿನುಗಳಲ್ಲಿ ಆ ಬೇರಿಂಗನ್ನೇ ಕಂಪನಿ ಕೈಬಿಟ್ಟಿತು. ಹಾಗಾಗಿ ಎರಡು ವರ್ಷ ಹಳೆಯದೆಂದು ಐದು ಲಕ್ಷ ಅಗ್ಗಕ್ಕೆ ಸಿಗುವ ಕಾರು, ಆ ಎರಡು ವರ್ಷದ ಕಾರಣದಿಂದಲೇ ಕೊನೆಗೆ ಹೆಚ್ಚು ದುಬಾರಿಯಾಗುವುದುಂಟು.

ಇದೆಲ್ಲ ಜಗತ್ತಿನ ಎಲ್ಲ ಮಾಲೀಕರಿಗೂ ಇರುವ ತೊಂದರೆ. ಅವಳಿ ನಗರದ ಮಾಲೀಕನಿಗೆ ತನ್ನದೇ ಆದ ಕೆಲವು ತೊಂದರೆಗಳು ಬೇರೆ ಇವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ರಸ್ತೆಯುಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲವಿರಬೇಕು. ನಮ್ಮ ಬಡಾವಣೆಗಳ ಉಬ್ಬುಗಳಲ್ಲಿ ಎಷ್ಟು ಈ ಅಳತೆಗೆ ಹೊಂದುತ್ತವೆ ಎಂಬುದನ್ನು ವಾಚಕರೇ ಬಲ್ಲರು. ಸಾಧಾರಣ ಕುಟುಂಬದ ಕಾರಿನ ಹೊಟ್ಟೆ ನೆಲದಿಂದ 16-17 ಸೆಂಟಿಮೀಟರು ಮೇಲಿದ್ದರೆ, ಓಟದ ಕಾರಿನದು ಸುಮಾರು 10ರಿಂದ 13 ಮಾತ್ರ. ಹುಬ್ಬಳ್ಳಿಯಿಂದ ಮೂಡಲಿಗೆ ಹೊರಟರೆ ಎರೆಯ ನೆಲ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿದು, ತನ್ನ ಮೇಲಿನ ಡಾಂಬರನ್ನು ಅಲೆಯಲೆಯಾಗಿ ಮಾಡುವುದು ಅದರ ಸ್ವಭಾವ. ಮುಂಗಾರು ಮುಗಿಯುವ ವೇಳೆಗೆ ರಸ್ತೆಯ ಗುಂಡಿಯೊಂದು ತೆಳುವಾದ ಟೈರನ್ನೂ ಅದರೊಳಗಿನ ಅಲಾಯ್ ಚಕ್ರವನ್ನೂ ಒಂದೇ ಏಟಿಗೆ ಸೀಳಬಲ್ಲದು.

ಪೆಟ್ರೋಲಿನ ಮಾತನ್ನೂ ಹೇಳಬೇಕು. 2025ರಿಂದ ದೇಶದ ಬಂಕುಗಳಲ್ಲೆಲ್ಲ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು ಸಾಮಾನ್ಯವಾಗಿದೆ. ಹದಿನೈದು ವರ್ಷದ ಹಿಂದೆ ಯೂರೋಪಿನಲ್ಲಿ ತಯಾರಾದ ಕಾರಿನ ರಬ್ಬರು ಕೊಳವೆಗಳೂ ಮುದ್ರೆಗಳೂ ಅದಕ್ಕೆಂದು ಮಾಡಿದವಲ್ಲ. ಎಥನಾಲ್ ತೇವವನ್ನು ಹೀರುತ್ತದೆ. ಕಾರು ತಿಂಗಳುಗಟ್ಟಲೆ ನಿಂತಿದ್ದರೆ ಟ್ಯಾಂಕಿನಲ್ಲಿ ಅದರ ಕೆಲಸ ಇನ್ನಷ್ಟು ಕೆಡುತ್ತದೆ. ನಿಂತ ಕಾರಿಗೆ ನಮ್ಮೂರಲ್ಲಿ ಇನ್ನೊಬ್ಬ ಶತ್ರುವೂ ಇದ್ದಾನೆ: ಇಲಿ. ಮಳೆಗಾಲದಲ್ಲಿ ಬೆಚ್ಚನೆಯ ಎಂಜಿನು ಕೋಣೆಯನ್ನು ಹುಡುಕಿಕೊಂಡು ಬಂದು ತಂತಿಗಳನ್ನು ಕಡಿದುಹಾಕಿದರೆ, ಎಲ್ಲಿ ಕಡಿದಿದೆಯೆಂದು ಕಂಡುಹಿಡಿಯಲು ಕಂಪನಿಯ ಕಂಪ್ಯೂಟರ್ ಬೇಕು. ಅದಿರುವುದು ಬೆಂಗಳೂರಿನಲ್ಲಿ. ಜಗತ್ತಿನಲ್ಲೇ ಅತಿ ಉದ್ದವಾದ, 1,507 ಮೀಟರಿನ ರೈಲು ಪ್ಲಾಟ್‌ಫಾರ್ಮು ನಮ್ಮ ಹುಬ್ಬಳ್ಳಿಯಲ್ಲಿದೆ. ಧಾರವಾಡದ ಟಾಟಾ ಕಾರಖಾನೆಯಲ್ಲಿ ಬಸ್ಸುಗಳು ತಯಾರಾಗುತ್ತವೆ. ಆದರೆ ಲ್ಯಾಂಬೋರ್ಗಿನಿಯೊಂದು ಕೆಟ್ಟು ನಿಂತರೆ ಅದನ್ನು ಸಪಾಟು ಲಾರಿಯ ಮೇಲೇರಿಸಿ ಸುಮಾರು 400 ಕಿಲೋಮೀಟರು ದೂರದ ಬೆಂಗಳೂರಿಗೇ ಕಳುಹಿಸಬೇಕು. ಇಲಿ ಕಡಿದದ್ದು ಐದು ನಿಮಿಷದ ಕೆಲಸ. ಬಿಲ್ಲು ಮಾತ್ರ ಲಕ್ಷದ್ದು.

ವಿಮೆ ಇದೆಯಲ್ಲ ಎಂದು ಕೆಲವರು ಸಮಾಧಾನ ಪಡುತ್ತಾರೆ. 1500 ಸಿ.ಸಿ.ಗಿಂತ ದೊಡ್ಡ ಎಂಜಿನಿನ ಖಾಸಗಿ ಕಾರಿಗೆ ಮೂರನೆಯವರ ಹಾನಿಯ ವಿಮೆ 2022ರ ದರದಂತೆ ವರ್ಷಕ್ಕೆ 7,897 ರೂಪಾಯಿ, ಅದು ದೊಡ್ಡದಲ್ಲ. ತೊಡಕಿರುವುದು ಸ್ವಂತ ಕಾರಿನ ಹಾನಿಯಲ್ಲಿ. ಐದು ವರ್ಷ ದಾಟಿದ ಕಾರಿನ ವಿಮಾಮೌಲ್ಯಕ್ಕೆ ಗೊತ್ತಾದ ಪಟ್ಟಿಯಿಲ್ಲ. ಕಂಪನಿಯೂ ಮಾಲೀಕನೂ ಒಪ್ಪಿಕೊಂಡ ಮೊತ್ತವೇ ಮೌಲ್ಯ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿ ಇವುಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ. ರಸ್ತೆಯುಬ್ಬಿಗೆ ತಾಗಿ ಒಡೆಯುವ ಮುಂದಿನ ಬಂಪರು ಪ್ಲಾಸ್ಟಿಕ್ಕಿನದೇ ಆದ್ದರಿಂದ ಅದರ ಅರ್ಧ ಬೆಲೆ ಮಾಲೀಕನ ಜೇಬಿನದು. ಸವಕಳಿಯಿಲ್ಲದ ವಿಶೇಷ ಪಾಲಿಸಿಯನ್ನು ಹಳೆಯ ಕಾರುಗಳಿಗೆ ಕೊಡಲು ಕಂಪನಿಗಳು ಹಿಂದೆಮುಂದೆ ನೋಡುತ್ತವೆ.

ಈಗ ಒಂದು ಲೆಕ್ಕ ಹಾಕಿ ನೋಡಬಹುದು. ಹೊಸದಾಗಿದ್ದಾಗ 90 ಲಕ್ಷವಿದ್ದ ಕಾರನ್ನು 35 ಲಕ್ಷಕ್ಕೆ ಕೊಂಡಿರೆಂದಿಟ್ಟುಕೊಳ್ಳಿ. ಆ ಹಣ ಶೇ. 7ರ ಠೇವಣಿಯಲ್ಲಿದ್ದಿದ್ದರೆ ವರ್ಷಕ್ಕೆ 2.45 ಲಕ್ಷ ಬಡ್ಡಿ ಬರುತ್ತಿತ್ತು. ಕಾರಿನ ಬೆಲೆ ಶೇ. 10 ಇಳಿದರೆ 3.5 ಲಕ್ಷ. ವಿಮೆಗೆ ಒಂದು ಲಕ್ಷ. ದುರಸ್ತಿಗೆಂದು ಹೊಸ ಬೆಲೆಯ ಶೇ. 3ನ್ನು ತೆಗೆದಿರಿಸಿದರೆ 2.7 ಲಕ್ಷ, ಇದು ಉದಾರವಾದ ಅಂದಾಜಲ್ಲ. ಒಟ್ಟು 9.65 ಲಕ್ಷ. ರವಿವಾರಕ್ಕೊಮ್ಮೆ ಹೊರತೆಗೆಯುವ ಕಾರು ವರ್ಷಕ್ಕೆ 3,000 ಕಿಲೋಮೀಟರು ಓಡಿದರೆ ಕಿಲೋಮೀಟರಿಗೆ 320 ರೂಪಾಯಿಗೂ ಮೇಲಾಯಿತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ 22 ಕಿಲೋಮೀಟರು. ಒಂದು ಸಲ ಹೋಗಲು ಏಳು ಸಾವಿರ ರೂಪಾಯಿ, ಪೆಟ್ರೋಲು ಬಿಟ್ಟು! ಅಷ್ಟಾಗಿಯೂ ನವನಗರದ ಸಂದಣಿಯಲ್ಲಿ ಪಕ್ಕದ ಪಥದ ಚಿಗರಿ ಬಸ್ಸೇ ಮುಂದೆ ಹೋಗುತ್ತದೆ. ಎರಡೇ ಆಸನವಾದ್ದರಿಂದ ಅಜ್ಜಿಯನ್ನು ದವಾಖಾನೆಗೆ ಕರೆದೊಯ್ಯಲು ಇನ್ನೊಂದು ಕಾರು ಮನೆಯಲ್ಲಿ ಇರಲೇಬೇಕು. ಈ 35 ಲಕ್ಷ ಮನೆಯ ಆಪತ್ಕಾಲದ ಹಣವಾಗಿದ್ದರಂತೂ ತಂದೆಯಾದವನು ಸ್ಪಷ್ಟವಾಗಿ ಬೇಡವೆನ್ನುವುದೇ ಮೇಲು. ಮಗ ನಾಲ್ಕು ದಿನ ಮುನಿಸಿಕೊಂಡಾನು, ಅಷ್ಟೆ.

ಹಾಗೆಂದು ಇಂಥ ಕಾರನ್ನು ಪ್ರೀತಿಸುವವರನ್ನು ಹಾಸ್ಯ ಮಾಡಲು ನನಗೆ ಮನಸ್ಸಿಲ್ಲ. ದಾಂಡೇಲಿಯ ಕಾಡಿನ ತಿರುವಿನಲ್ಲಿ ಆರು ಸಿಲಿಂಡರಿನ ಎಂಜಿನು ಹಾಡುವುದನ್ನು ಒಮ್ಮೆ ಕೇಳಿದವರು ಲೆಕ್ಕದ ಪುಸ್ತಕವನ್ನು ಮರೆತರೆ ಆಶ್ಚರ್ಯವಿಲ್ಲ. ಮನೆ, ಚಿಕಿತ್ಸೆ, ಮಕ್ಕಳ ಓದು ಇವೆಲ್ಲವೂ ನೆಲೆಗೊಂಡ ಮೇಲೆ ಉಳಿದ ಹಣದಿಂದ, ಸಾಲವಿಲ್ಲದೆ ಕೊಳ್ಳುವುದಾದರೆ ಅದೂ ಒಂದು ಸಂತೋಷವೇ. ಅಂಥವರು ಮೊದಲು ನೋಡಬೇಕಾದದ್ದು ಕಾರಿನ ಬಣ್ಣವನ್ನಲ್ಲ, ಅದರ ನಂಬರನ್ನು. ಕೆಎ 25 ಎಂದರೆ ಧಾರವಾಡ, ಕೆಎ 63 ಎಂದರೆ ಹುಬ್ಬಳ್ಳಿ. ಹೊರರಾಜ್ಯದ ನಂಬರಿನ ಕಾರು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಮೋಟಾರು ವಾಹನ ಕಾಯಿದೆಯಂತೆ ಇಲ್ಲಿಯ ನೋಂದಣಿ ಮಾಡಿಸಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲು ಕಾರಿಗೆ ಆಜೀವ ತೆರಿಗೆ ಶೇ. 18, ಉಪಕರ ಸೇರಿದರೆ ಶೇ. 20ರ ಹತ್ತಿರ. ಹಳೆಯ ಕಾರಿಗೆ ವಯಸ್ಸಿಗನುಗುಣವಾಗಿ ಕಡಿತವುಂಟು. ಆದರೆ ಲೆಕ್ಕದ ಬುಡ ಹೊಸದಾಗಿದ್ದಾಗಿನ ಬೆಲೆ, ನೀವು ಕೊಟ್ಟ ಬೆಲೆಯಲ್ಲ. ತೆರಿಗೆ ಕಡಿಮೆಯಿರುವ ಪುದುಚೇರಿಯ ನಂಬರಿನ ಕಾರು ಅಗ್ಗಕ್ಕೆ ಸಿಗುವ ಗುಟ್ಟು ಇದೇ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ತೆರಿಗೆ ಕಟ್ಟದ ಸುಮಾರು 30 ಐಷಾರಾಮಿ ಕಾರುಗಳನ್ನು ಹಿಡಿದರು. ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಎಲ್ಲವೂ ಅವುಗಳಲ್ಲಿದ್ದವು. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಫೆರಾರಿಯ ಮಾಲೀಕರು ಸುಮಾರು 1.41 ಕೋಟಿ ರೂಪಾಯಿ ತೆರಿಗೆಯನ್ನು ಒಮ್ಮೆಗೇ ಕಟ್ಟಬೇಕಾಯಿತು. ಹದಿನೈದು ವರ್ಷ ತುಂಬಲಿರುವ ಕಾರಾದರೆ ನೋಂದಣಿಯ ನವೀಕರಣವನ್ನೂ ನೆನಪಿಡಿ. ಆಮದಾದ ಕಾರಿಗೆ ಆ ಶುಲ್ಕ 2022ರ ಏಪ್ರಿಲಿನಲ್ಲಿ 15 ಸಾವಿರದಿಂದ 40 ಸಾವಿರಕ್ಕೆ ಏರಿತು.

ಕಾಗದಪತ್ರ ಸರಿಯಿದ್ದರೆ ಅನಂತರ ಕಾರು. ಮಾರುವವನ ಪರಿಚಯದ ಮೇಸ್ತ್ರಿಯಲ್ಲಿಗೆ ಬೇಡ. ಅದೇ ಕಂಪನಿಯ ಅಧಿಕೃತ ವರ್ಕ್‌ಷಾಪಿಗೆ ನಿಮ್ಮ ಖರ್ಚಿನಿಂದಲೇ ಒಯ್ದು ತೋರಿಸಿರಿ. ಮಾರುವವನು ಅದಕ್ಕೆ ಒಪ್ಪದಿದ್ದರೆ ಅಲ್ಲಿಗೇ ನಮಸ್ಕಾರ ಹೇಳಿ ಬರುವುದು ಲೇಸು. ಸರ್ವಿಸಿನ ರಸೀದಿಗಳನ್ನು ವರ್ಷವಾರು ಜೋಡಿಸಿ ನೋಡಿ, ನಡುವೆ ಎರಡು ವರ್ಷ ಬರಿದಾಗಿದ್ದರೆ ಕಾರಣ ಕೇಳಿರಿ. ಟೈರುಗಳ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ: ಮೊದಲಿನ ಎರಡು ವಾರ, ಕಡೆಯ ಎರಡು ವರ್ಷ. 1617 ಎಂದಿದ್ದರೆ ಅದು 2017ರ ಹದಿನಾರನೆಯ ವಾರದ ಟೈರು. ನೋಡಲು ಹೊಸದರಂತಿದ್ದರೂ ನಾಲ್ಕನ್ನೂ ಬದಲಿಸುವ ಬೆಲೆಯನ್ನು ಮಾತುಕತೆಯಲ್ಲೇ ಕಳೆದುಕೊಳ್ಳಿರಿ.