ನಮ್ಮ ಬ್ಯಾಚಿನ ಗ್ರೂಪ್‌ನಲ್ಲಿ ಇಲ್ಲದವರು

ಈ ಸಲ ಯುಗಾದಿ ಬಂದಿದ್ದು ಸಮಾಜ ವಿಜ್ಞಾನಕ್ಕೂ ವಿಜ್ಞಾನಕ್ಕೂ ನಡುವೆ. ನಗಬೇಡಿ, ಎಸ್ಸೆಸ್ಸೆಲ್ಸಿ ಮಕ್ಕಳಿರೋ ಮನೆಯಲ್ಲಿ ಕ್ಯಾಲೆಂಡರ್ ಓದೋದೇ ಹಂಗೆ. 2025ರ ಮಾರ್ಚ್ 29, ಶನಿವಾರ ಸಮಾಜ ವಿಜ್ಞಾನದ ಪೇಪರ್, ಅವತ್ತೇ ಅಮಾವಾಸ್ಯೆ. ಮರುದಿನ ಯುಗಾದಿ. ಏಪ್ರಿಲ್ 2ಕ್ಕೆ ವಿಜ್ಞಾನ. ಬೇರೆ ಊರಿನ ಮಕ್ಕಳಿಗೆ ಇದು ನಡುವೆ ಸಿಕ್ಕ ಓದಿನ ರಜೆ. ನಮ್ಮ ಸಿರಸಂಗಿಯ ಮಕ್ಕಳಿಗೆ ಹಾಗಲ್ಲ. ಇಲ್ಲಿ ಯುಗಾದಿ ಅಂದ್ರೆ ಕಾಳಮ್ಮನ ಜಾತ್ರೆ.

ಕಾಳಮ್ಮ ವಿಶ್ವಕರ್ಮರ ಮನೆದೇವರು. ಜಾತ್ರೆಗೆ ಎಲ್ಲೆಲ್ಲಿಂದಲೋ ಮಂದಿ ಬರ್ತಾರೆ. ಮನೆ ತುಂಬ ಬೀಗರು, ಓಣಿ ತುಂಬ ಗಾಡಿ, ಕಿವಿ ತುಂಬ ಮೈಕು. ಓದಬೇಕಾದವರು ಪುಸ್ತಕ ಹಿಡಿದು ಮಾಳಿಗೆ ಹತ್ತಬೇಕು. ನಾನೂ ಹಂಗೇ ಓದಿದವಳು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹಬ್ಬಕ್ಕೆ ಬಂದವಳು ಎರಡು ವಾರ ಊರಿನಿಂದಲೇ ಲಾಗಿನ್ ಆಗ್ತೀನಿ ಅಂತ ಮ್ಯಾನೇಜರ್‌ಗೆ ಹೇಳಿಟ್ಟಿದ್ದೆ. ನೆಟ್‌ವರ್ಕ್ ಸಿಗೋದು ನಮ್ಮ ಮಾಳಿಗೆಯ ಒಂದೇ ಮೂಲೆಯಲ್ಲಿ ಅನ್ನೋದನ್ನು ಹೇಳಿರಲಿಲ್ಲ.

ಯುಗಾದಿ ದಿನ ಅವ್ವನ ಜೊತೆ ಗುಡಿಗೆ ಹೊರಟಾಗ, ದಾರಿಯಲ್ಲಿ ಕಾಯಿ-ಕರ್ಪೂರದ ಅಂಗಡಿಯೊಂದರಲ್ಲಿ ಹದಿನಾರರ ಹುಡುಗಿ ಕೂತಿದ್ದಳು. ತೊಡೆಯ ಮೇಲೆ ವಿಜ್ಞಾನದ ಪುಸ್ತಕ, ಪುಟ ಹಾರದಂತೆ ಅದರ ಮೇಲೆ ಒಂದು ತೆಂಗಿನಕಾಯಿ.

“ಯಾವ ಪಾಠ ತಂಗಿ?”

“ವಿದ್ಯುಚ್ಛಕ್ತಿ ರೀ ಅಕ್ಕಾರ. ಓಮ್‌ನ ನಿಯಮ.”

“ಗಣಿತ ಹೆಂಗ ಆತು?”

“ಅದೊಂದ ಕೇಳಬ್ಯಾಡ್ರಿ,” ಅಂತ ನನ್ನ ಐನೂರರ ನೋಟಿಗೆ ಚಿಲ್ಲರೆ ಎಣಿಸಿ ಕೊಟ್ಟಳು. ಹಿಂದೆ ನಿಂತವರು ಕಾಯಿಗೆ ಅವಸರ ಮಾಡ್ತಿದ್ದರು. ನಾವು ಮುಂದೆ ನಡೆದೆವು.

ಅವಳು ನಾನು ಓದಿದ ಹೈಸ್ಕೂಲಿನ ಹುಡುಗಿ ಅಂತ ಗೊತ್ತಾಗಿದ್ದು ಮುಂದಿನ ವಾರ. ಬೇಸಿಗೆ ರಜೆಗೆ ಮುಂಚೆ ಶಾಲೆಯಲ್ಲಿ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ಇತ್ತು. ಪಾಲಕರನ್ನು ಕರೆದು ಎಂಟು, ಒಂಬತ್ತನೇ ಕ್ಲಾಸಿನ ಫಲಿತಾಂಶ ಕೊಡ್ತಾರೆ, ವರ್ಷದಲ್ಲಿ ಏನೇನಾಯ್ತು ಅಂತ ಹೇಳ್ತಾರೆ. ನಮ್ಮ ಕಾಲದಲ್ಲಿ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ರೆ ಮುಗೀತಿತ್ತು. ನನ್ನ ಅಣ್ಣನ ಮಗ ಎಂಟನೇ ಕ್ಲಾಸು, ಅವನ ಪಾಲಕಳಾಗಿ ನಾನು ಹೋದೆ.

ಹೆಡ್‌ಮಾಸ್ತರು ಓದಿದ ವರದಿಯಲ್ಲಿ ಎಲ್ಲಾ ಇತ್ತು. ಖೋಖೋದಲ್ಲಿ ಹುಡುಗಿಯರ ತಂಡ ಗೆದ್ದ ಕಪ್ಪು. ಮಳೆಗಾಲದಲ್ಲಿ ಸೋರ್ತಿದ್ದ ಒಂಬತ್ತನೇ ಕ್ಲಾಸಿನ ಮೇಲ್ಛಾವಣಿ ಈಗ ಸೋರಲ್ಲ ಅನ್ನೋ ಭರವಸೆ (ಮಳೆ ಬರಲಿ, ನೋಡೋಣ). ಎನ್‌ಎಂಎಂಎಸ್ ಪರೀಕ್ಷೆಯ ಸುದ್ದಿಯನ್ನು ಅವರು ಎರಡೆರಡು ಸಲ ಓದಿದರು. ಎಂಟನೇ ಕ್ಲಾಸಿನಲ್ಲಿ ಈ ಪರೀಕ್ಷೆ ಪಾಸಾಗಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ ಕೇಂದ್ರದ ವಿದ್ಯಾರ್ಥಿವೇತನ ಬರುತ್ತೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ನಿಮ್ಮ ಊರಲ್ಲಿ ಎಂಟನೇ ಕ್ಲಾಸಿನ ಮಗು ಇದ್ರೆ ಇದನ್ನು ಕೇಳಿ ತಿಳ್ಕೊಳ್ಳಿ. ನಮ್ಮ ಓಣಿಯಲ್ಲಿ ನಾಲ್ಕು ಮನೆಗೆ ಗೊತ್ತೇ ಇರಲಿಲ್ಲ.

ಕೊನೆಗೆ ಗಂಟೆ ಹೊಡೆಯುವ ಸಿಪಾಯಿ ಕಾಕಾನಿಗೆ ನಿವೃತ್ತಿಯ ಶಾಲು ಹೊದಿಸಿದರು. ಮಾತಾಡ್ರಿ ಅಂದ್ರೆ ಕಾಕಾ ಮಾತಾಡಲಿಲ್ಲ. ಎದ್ದು ಹೋಗಿ, ತೂಗುಹಾಕಿದ ರೈಲುಕಂಬಿ ತುಂಡಿಗೆ ಲಾಂಗ್ ಬೆಲ್ ಹೊಡೆದರು. ಅಲ್ಲಿದ್ದ ಅಪ್ಪ-ಅವ್ವಂದಿರಲ್ಲಿ ಅರ್ಧ ಮಂದಿ ಅದೇ ಗಂಟೆಗೆ ಓಡಿ ಮನೆಗೆ ಹೋದವರು.

ಸಭೆ ಮುಗಿದ ಮೇಲೆ ಗಣಿತದ ಟೀಚರ್ ಜೊತೆ ಮಾತಾಡ್ತಾ ಕಾಯಿ ಅಂಗಡಿ ಹುಡುಗಿಯ ಮಾತು ಬಂತು. “ಅಕಿ ನಮ್ಮಕಿನ. ಜಾಣಿ ಹುಡುಗಿ. ಅಪ್ಪ-ಅವ್ವ ಜಾತ್ರಿ ಜಾತ್ರಿ ತಿರಗತಾರ, ಅಕಿನೂ ಕರಕೊಂಡ ಹೋಗ್ತಾರ. ಸಮಾಂತರ ಶ್ರೇಢಿ ಮಾಡುವಾಗ ಇರಲಿಲ್ಲ, ತ್ರಿಭುಜ ಮಾಡುವಾಗ ಇರಲಿಲ್ಲ,” ಅಂದರು ಟೀಚರ್. ಬೈಗುಳ ಅಲ್ಲ ಅದು, ಲೆಕ್ಕ.

ಇಲ್ಲಿ ನಮ್ಮೂರ ದೊಡ್ಡ ಹೆಸರೊಂದನ್ನು ಹೇಳಲೇಬೇಕು. ಸಿರಸಂಗಿ ಲಿಂಗರಾಜರು 1861ರ ಜನವರಿ 10ರಂದು ಶಿಗ್ಲಿಯಲ್ಲಿ ಹುಟ್ಟಿ, ನಮ್ಮೂರಿನ ದೇಸಗತಿಗೆ ದತ್ತಕ ಬಂದವರು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮುಂಚೆ ಮೃತ್ಯುಪತ್ರ ಬರೆದು, ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬಿಟ್ಟುಕೊಟ್ಟರು. ತ್ಯಾಗವೀರ ಅನ್ನೋ ಬಿರುದು ಅದಕ್ಕೇ. ಬೆಳಗಾವಿಯಲ್ಲಿ 1916ರಲ್ಲಿ ಶುರುವಾದ ಕೆಎಲ್‌ಇ ಸಂಸ್ಥೆ 1933ರಲ್ಲಿ ಕಟ್ಟಿದ ಕಾಲೇಜಿಗೆ ಲಿಂಗರಾಜ ಕಾಲೇಜು ಅಂತಲೇ ಹೆಸರು. ನಾವು ಚಿಕ್ಕವರಿದ್ದಾಗ ಭಾಷಣ ಸ್ಪರ್ಧೆ ಅಂದ್ರೆ ಲಿಂಗರಾಜರೇ. ನಾನೂ ಬಾಯಿಪಾಠ ಮಾಡಿ ಬಹುಮಾನವಾಗಿ ಒಂದು ಕಂಪಾಸ್ ಪೆಟ್ಟಿಗೆ ಗೆದ್ದಿದ್ದೆ. ಓದಿಸೋದು ಅಂದ್ರೆ ದೇಸಾಯರ ಕೆಲಸ, ದೊಡ್ಡ ಆಸ್ತಿ ಇದ್ದವರ ಕೆಲಸ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತೇನೋ.

ಮೇ 2ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂತು. ನಾನಾಗಲೇ ಬೆಂಗಳೂರಿಗೆ ವಾಪಸಾಗಿದ್ದೆ. ರಾಜ್ಯದಲ್ಲಿ 22 ಮಕ್ಕಳಿಗೆ 625ಕ್ಕೆ 625. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಕ್ಕಳು ಪಾಸಾಗಲಿಲ್ಲ. ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಶಾಲೆಯ ಟಾಪರ್‌ಗಳ ಫೋಟೊ ಬಂತು. ಹಿಂದೆಯೇ ಚಪ್ಪಾಳೆ, ಹೂವು, ‘ನಮ್ಮ ಶಾಲೆ ನಮ್ಮ ಹೆಮ್ಮೆ’. ನಾನೂ ಎರಡು ಚಪ್ಪಾಳೆ ಹಾಕಿದೆ.

ಆಮೇಲೆ ಯಾಕೋ ಗ್ರೂಪಿನ ಹೆಸರುಗಳ ಪಟ್ಟಿ ತೆಗೆದು ಕೆಳಗಿನ ತನಕ ನೋಡಿದೆ. 2013ರ ಬ್ಯಾಚು ಅಂತ ಹೆಸರು. ಆದರೆ ನಮ್ಮ ಕ್ಲಾಸಿನ ಎಷ್ಟೋ ಮಂದಿ ಅದರಲ್ಲಿ ಇಲ್ಲ. ಯಾರನ್ನೂ ತೆಗೆದುಹಾಕಿಲ್ಲ. ಆ ಗ್ರೂಪ್ ಮಾಡಿದ್ದು ಕಾಲೇಜಿಗೆ ಹೋದವರು, ಸೇರಿಸಿದ್ದು ತಮ್ಮ ಹತ್ತಿರ ನಂಬರ್ ಇದ್ದವರನ್ನು. ಹತ್ತನೇ ಕ್ಲಾಸಿನಲ್ಲಿ ಫೇಲಾದವರ ನಂಬರ್ ಯಾರ ಹತ್ತಿರವೂ ಇರಲಿಲ್ಲ. ನಿಮ್ಮ ಶಾಲೆಯ ಗ್ರೂಪ್ ಇದ್ರೆ ಒಮ್ಮೆ ಹಿಂಗೆ ನೋಡಿ.

ನನ್ನ ಬೆಂಚಿನ ಗೆಳತಿಯೂ ಅದರಲ್ಲಿ ಇಲ್ಲ. ಮೂರು ವರ್ಷ ಒಂದೇ ಬೆಂಚು, ಒಂದೇ ಬುತ್ತಿ. ಅವಳ ರೊಟ್ಟಿ, ನನ್ನ ಪಲ್ಯ. ಅವಳದು ಗಣಿತ ಒಂದೇ ಹೋಯ್ತು. ಜೂನ್‌ನಲ್ಲಿ ಪೂರಕ ಪರೀಕ್ಷೆ ಇತ್ತು, ಅರ್ಜಿ ತುಂಬಬೇಕಿತ್ತು. ನಾನು ಧಾರವಾಡದಲ್ಲಿ ಪಿಯು ಸೀಟಿಗೆ ಓಡಾಡ್ತಿದ್ದೆ. “ಅರ್ಜಿ ತುಂಬಿದೆ ಏನ?” ಅಂತ ಒಂದು ಸಲ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಅವಳು ತುಂಬಲಿಲ್ಲ. ಮದುವೆಯ ಕಾರ್ಡು ಮಾತ್ರ ಬಂತು, ಅವತ್ತು ನನಗೆ ಯಾವುದೋ ಟೆಸ್ಟ್ ಇತ್ತು.

ಅದಕ್ಕೇ ಅಂತ ಹೇಳಲಾರೆ, ಆದರೆ ಅವತ್ತು ರಾತ್ರಿ ಗಣಿತದ ಟೀಚರ್‌ಗೆ ಫೋನ್ ಮಾಡಿ ಕಾಯಿ ಅಂಗಡಿ ಹುಡುಗಿಯದು ಏನಾಯ್ತು ಅಂತ ಕೇಳಿದೆ. ಉಳಿದದ್ದೆಲ್ಲ ಪಾಸು. ಗಣಿತದಲ್ಲಿ ಆಗ 80ಕ್ಕೆ 28 ಬೇಕಿತ್ತು, 19 ಬಂದಿತ್ತು.

2025ರ ವ್ಯವಸ್ಥೆ ನಮ್ಮ ಕಾಲದ್ದಕ್ಕಿಂತ ಉದಾರವಾಗಿತ್ತು ಅಂತ ಒಪ್ಪಲೇಬೇಕು. 2024ರಲ್ಲಿ ಶುರುವಾದ ಪದ್ಧತಿಯಂತೆ ಆಗ ಒಂದೇ ವರ್ಷಕ್ಕೆ ಮೂರು ಪರೀಕ್ಷೆ ಇದ್ದವು. ಪರೀಕ್ಷೆ-2ರಲ್ಲಿ ಪಾಸಾದವರಿಗೂ ಅದೇ ವರ್ಷ ಪಿಯು ಸೇರೋ ದಾರಿ ಇತ್ತು, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳೋಕೆ ಬರೀಬಹುದಿತ್ತು, ಮೂರರಲ್ಲಿ ಒಳ್ಳೆಯ ಅಂಕ ಯಾವುದೋ ಅದೇ ಉಳಿಯುತ್ತಿತ್ತು. ‘ಪೂರಕ’ ಅನ್ನೋ ಪದವೇ ಹೋಯ್ತು. ಆದರೆ ಆ ಪದ ಹೋಗಿದ್ದು ಸುತ್ತೋಲೆಯಿಂದ, ಮನೆಗಳಿಂದಲ್ಲ. ಶನಿವಾರದ ಬಸ್ ಹಿಡಿದು ಊರಿಗೆ ಹೋಗಿ, ಟೀಚರ್ ಜೊತೆ ಅವರ ಮನೆಗೆ ಹೋದಾಗ ಅಪ್ಪ ನೇರವಾಗಿ ಹೇಳಿದರು:

“ಮೂರ ಸಲ ಬರೀಬೌದು ಅಂತೀರಿ ಅಕ್ಕಾರ. ಮೂರ ಸಲ ಫೇಲಾದ್ರ ಮೂರ ಸಲ ಮಾನ ಹೋಗತೈತಿ. ಅಂಗಡಿಗೆ ಒಂದ ಕೈ ಬೇಕಾಗೈತಿ, ಅಕಿ ಕುಂದರಲಿ.”

ಟೀಚರ್ ಏನೂ ವಾದ ಮಾಡಲಿಲ್ಲ. ಅಂಗಡಿಯ ಸಾಲದ ಲೆಕ್ಕ ಯಾರು ಬರೀತಾರೆ ಅಂತ ಕೇಳಿದರು. ಮಗಳೇ ಬರೀತಾಳೆ ಅಂದರು ಅಪ್ಪ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಚಹಾ ತಂದಿಟ್ಟ ಅವ್ವ, “ಅಕಿಗೆ ಬರಿಯೂದು ಐತೋ ಇಲ್ಲೋ, ಅದನ್ನ ಕೇಳ್ರಿ ಮೊದಲ,” ಅಂದರು. ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

“ಬರೀತೀನಿ,” ಅಂದಳು ಹುಡುಗಿ. “ಆದ್ರ ನಕ್ಷೆ ನನಗ ಬರಂಗಿಲ್ಲ.”

ಮರುದಿನವೇ ಹೆಸರು ಬರೆಸಿದ್ದಾಯ್ತು. ಟೀಚರ್ ರಜೆಯಲ್ಲೂ ಬೆಳಿಗ್ಗೆ ಬಂದು ಫೇಲಾದ ಮಕ್ಕಳಿಗೆ ಪಾಠ ಮಾಡ್ತಿದ್ದರು. ಇವಳು ಅಂಗಡಿಯ ಜೊತೆ ಬೇರೆ ಊರಲ್ಲಿದ್ದ ದಿನಗಳಿಗೆ ನಾನು: ರಾತ್ರಿ ಒಂಬತ್ತಕ್ಕೆ ವಿಡಿಯೊ ಕಾಲ್, ಅವಳ ಅಪ್ಪನ ಫೋನ್, ನನ್ನ ಪಿಜಿ ರೂಮಿನ ಮಂಚ. ಟೀಚರ್ ‘ಪಾಸಿಂಗ್ ಪ್ಯಾಕೇಜ್’ ಅಂತ ಒಂದು ಪಟ್ಟಿ ಕೊಟ್ಟಿದ್ದರು. ರೇಖಾತ್ಮಕ ಸಮೀಕರಣದ ನಕ್ಷೆ, ಥೇಲ್ಸ್ ಪ್ರಮೇಯ, ಸರಾಸರಿ, ಮಧ್ಯಾಂಕ. ಎಲ್ಲಾ ಕಲಿಸೋಕೆ ಹೋಗಬೇಡ, ಇಷ್ಟು ಗಟ್ಟಿ ಮಾಡಿಸು ಅಂದಿದ್ದರು. ನನಗೇ ಮಧ್ಯಾಂಕದ ಸೂತ್ರ ಮರೆತುಹೋಗಿತ್ತು. ಯೂಟ್ಯೂಬ್ ನೋಡಿ ಎಂಟೂವರೆಗೆ ಕಲಿತು ಒಂಬತ್ತಕ್ಕೆ ಕಲಿಸಿದ ದಿನಗಳೂ ಇವೆ. ಸಮೀಕರಣ ಕಷ್ಟ ಅಂದಾಗ ಕಾಯಿಗೆ ಎಕ್ಸ್, ಊದಿನಕಡ್ಡಿ ಪಾಕೀಟಿಗೆ ವೈ ಇಟ್ಟೆ. ಅದು ಸರಿಹೋಯ್ತು. ಆದರೆ ನಕ್ಷೆಗೆ ಬಂದಾಗ ಋಣ ಮೂರು ಬಂತು. “ಋಣ ಮೂರು ಕಾಯಿ ಅಂದ್ರೇನ್ರಿ ಅಕ್ಕಾ?” ಅಂತ ಕೇಳಿದಳು. ಉದ್ರಿ ಕೊಟ್ಟಿದ್ದು ಅಂದೆ. ನಕ್ಕಳು. ಅದು ಸರಿಯಾದ ಉತ್ತರವೋ ಇಲ್ಲವೋ ಗೊತ್ತಿಲ್ಲ, ಅವತ್ತಿಂದ ಎಡಗಡೆಯ ಚುಕ್ಕಿ ತಪ್ಪಲಿಲ್ಲ.

ನಡುವೆ ಒಂದು ವಾರ ಕರೆಂಟೇ ಇಲ್ಲ, ಫೋನ್ ಚಾರ್ಜ್ ಇಲ್ಲ. ಇನ್ನೊಮ್ಮೆ ನನ್ನ ರಿಲೀಸ್, ನಾನೇ ಮೂರು ದಿನ ತಪ್ಪಿಸಿದೆ. ನಾಲ್ಕನೇ ದಿನ ಅವಳೇ ಮಿಸ್ಡ್ ಕಾಲ್ ಕೊಟ್ಟಳು.

ಮೇ 26ಕ್ಕೆ ಪರೀಕ್ಷೆ-2 ಶುರುವಾಯ್ತು. 29ಕ್ಕೆ ಶಾಲೆಯೂ ಶುರು. ಈಗ ಕಂಬಿ ಹೊಡೆಯೋದು ಹತ್ತನೇ ಕ್ಲಾಸಿನ ಹುಡುಗರೇ ಅಂತೆ, ಪಾಳಿ ಹಚ್ಚಿ. ಅಣ್ಣನ ಮಗ ಒಂಬತ್ತಕ್ಕೆ ಬಂದ, ಮೇಲ್ಛಾವಣಿ ಸದ್ಯಕ್ಕೆ ಸೋರಿಲ್ಲ ಅಂತ ವರದಿ ಕೊಟ್ಟ. ನನ್ನ ಬೆಂಚಿನ ಗೆಳತಿಯ ನಂಬರನ್ನು ಅವಳ ತಮ್ಮನಿಂದ ತಗೊಂಡೆ. ಎರಡು ದಿನ ಸುಮ್ಮನೆ ಇಟ್ಟುಕೊಂಡಿದ್ದು ಮೂರನೇ ದಿನ ಫೋನ್ ಮಾಡಿದೆ. “ಯಾರ್ ರೀ?” ಅಂದಳು. ಹೆಸರು ಹೇಳಿದೆ. “ಈಗ ನೆನಪಾತೇನ?” ಅಂದಳು. ಬೈದಳು, ಆಮೇಲೆ ಮುಕ್ಕಾಲು ತಾಸು ಮಾತಾಡಿದಳು. ಗ್ರೂಪಿಗೆ ಸೇರಿಸ್ಲಾ ಅಂತ ಕೇಳಿದ್ದಕ್ಕೆ, ವಿಚಾರ ಮಾಡಿ ಹೇಳ್ತೀನಿ ಅಂದಿದಾಳೆ.

ಪರೀಕ್ಷೆ-2ರ ಫಲಿತಾಂಶ ಇದನ್ನು ಬರೆಯೋ ಹೊತ್ತಿಗೆ ಬಂದಿಲ್ಲ. ಗಣಿತದ ಪೇಪರ್ ಮುಗಿದ ಮಧ್ಯಾಹ್ನ ನಾನು ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿದ್ದೆ. ಅವಳ ಅಪ್ಪನ ನಂಬರಿನಿಂದ ಒಂದು ಮೆಸೇಜ್ ಬಂತು.

“ಅಕ್ಕಾ ನಕ್ಷೆ ಬಂದಿತ್ತು. ತೆಗದೀನಿ. ಊದಿನಕಡ್ಡಿ ಮೇಲಿತ್ತು.”